ಗುಜರಿಯ ಹಿತ್ತಾಳೆ, ತಾಮ್ರ, ಹಳೇ ಬಾಗಿಲು: ಆರಿಸುವುದು, ತೊಳೆಯುವುದು, ಮತ್ತೆ ಬಳಸುವುದು

ಹಳೇ ಪಾತ್ರೆ ಕೊಳ್ಳಲು ಹೊರಡುವ ಮೊದಲೇ ಒಂದು ವಿಷಯ ತೀರ್ಮಾನವಾಗಿರಲಿ: ಅದರಲ್ಲಿ ಅಡುಗೆ ಮಾಡುತ್ತೀರಾ, ನೀರಿಡುತ್ತೀರಾ, ಇಲ್ಲಾ ನೋಡಲು ಚೆಂದಕ್ಕೆ ಇಡುತ್ತೀರಾ? ಯಾವ ಲೋಹ ಬೇಕು, ಎಷ್ಟು ಡೊಂಕು ಸಹಿಸಬಹುದು, ಎಷ್ಟು ಬೆಲೆ ಕೊಡಬಹುದು ಎಂಬುದೆಲ್ಲ ಈ ಉತ್ತರವನ್ನೇ ಅವಲಂಬಿಸಿದೆ. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ತಂದು ಮನೆಯಲ್ಲಿ ಯೋಚಿಸೋಣ ಅಂದುಕೊಂಡರೆ ಅಟ್ಟ ತುಂಬುತ್ತದೆ, ಅಷ್ಟೆ.

ಇಲ್ಲಿ ಹೇಳುವುದು ಹೆಚ್ಚಾಗಿ ಹಿತ್ತಾಳೆ, ತಾಮ್ರ, ಕಂಚಿನ ಬಗ್ಗೆ. ಕೊನೆಗೆ ಮರದ ಬಗ್ಗೆ ಸ್ವಲ್ಪ. ಕರ್ನಾಟಕದ ಗುಜರಿಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿ, ನ್ಯಾಯವಾದ ಬೆಲೆಗೆ ಈಗಲೂ ಸಿಗುತ್ತಿರುವುದು ಇವೇ.

ಎಲ್ಲಿ ಹುಡುಕಬೇಕು

ಬೆಂಗಳೂರಿನ ಚಿಕ್ಕಪೇಟೆ, ಎಸ್.ಜೆ.ಪಿ. ರಸ್ತೆ ಸುತ್ತಲಿನ ಸಂಡೇ ಬಜಾರ್ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬೇಗ ಹೋದಷ್ಟೂ ಆಯ್ಕೆ ಹೆಚ್ಚು; ವ್ಯಾಪಾರಿಗಳೂ ಅದೇ ಹೊತ್ತಿಗೆ ಬಂದು ಒಳ್ಳೆಯದನ್ನು ಎತ್ತಿಕೊಂಡು ಹೋಗುತ್ತಾರೆ. ಹೊರ ರಾಜ್ಯಕ್ಕೆ ಹೋಗುವವರಿಗೆ ಮುಂಬೈಯ ಚೋರ್ ಬಜಾರ್, ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿ ಇವೆ. ಆದರೆ ಅಲ್ಲಿನ ಅಂಗಡಿಯವರಿಗೆ ತಮ್ಮ ಸರಕಿನ ಬೆಲೆ ಚೆನ್ನಾಗಿ ಗೊತ್ತು, ಅಗ್ಗಕ್ಕೆ ಸಿಗುವುದು ಕಡಿಮೆ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಊರಿನ ಪಾತ್ರೆ ಅಂಗಡಿಯ ಹಿಂಬದಿ. ಹಳೇ ಪಾತ್ರೆ ಕೊಟ್ಟು ಹೊಸ ಸ್ಟೀಲು ಒಯ್ಯುವವರು ಬಿಟ್ಟುಹೋದ ಚೊಂಬು, ಹಂಡೆ, ಗಿಂಡಿ, ತಪ್ಪಲೆಗಳು ಕರಗಿಸಲು ಹೋಗುವ ಮುನ್ನ ಅಲ್ಲಿ ಮೂಟೆಯಲ್ಲಿ ಬಿದ್ದಿರುತ್ತವೆ. ದೀಪಾವಳಿಗೆ ಮುಂಚೆ ಮನೆ ಶುಚಿ ಮಾಡುವಾಗ, ಮದುವೆ ಸೀಸನ್ನಿನಲ್ಲಿ ಈ ಮೂಟೆ ದೊಡ್ಡದಾಗುತ್ತದೆ. ಮಾಲೀಕರಿಗೆ ಮೊದಲೇ ಹೇಳಿಟ್ಟರೆ ಕರಗಿಸಲು ಕಳಿಸುವ ಮುನ್ನ ಫೋನ್ ಮಾಡುತ್ತಾರೆ. ಬಾಗಿಲು, ಕಂಬ, ಕಿಟಕಿ ಬೇಕಿದ್ದರೆ ಹಳೇ ಮನೆ ಕೆಡಹುವ ಗುತ್ತಿಗೆದಾರರನ್ನೇ ಹಿಡಿಯಬೇಕು.

ಕೊಳ್ಳುವ ಮುನ್ನ ಅಸಲಿ ವಸ್ತುಗಳನ್ನು ಕಣ್ತುಂಬ ನೋಡಿರಬೇಕು. ರಾಮನಗರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಕೆಡಹಲಿದ್ದ ಮನೆಗಳನ್ನು ತಂದು ಮತ್ತೆ ನಿಲ್ಲಿಸಿ ವಿಜಯನಾಥ ಶೆಣೈ ಅವರು ಕಟ್ಟಿದ ಮಣಿಪಾಲದ ಹಸ್ತಶಿಲ್ಪ ಗ್ರಾಮ, ಈ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಅರ್ಧ ದಿನ ಕಳೆಯಿರಿ. ಪಾತ್ರೆಯ ಕಂಠ ಎಲ್ಲಿ ಸವೆಯುತ್ತದೆ, ಹಿಡಿಕೆ ಎಲ್ಲಿ ನುಣುಪಾಗುತ್ತದೆ, ತಳ ಹೇಗೆ ಕಪ್ಪಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಹಿಡಿಯುತ್ತದೆ. ಬಳಕೆಯ ಸವೆತ ಕೈ ತಾಗುವ ಕಡೆ ಮಾತ್ರ ಇರುತ್ತದೆ. ಮೈಯೆಲ್ಲ ಒಂದೇ ಸಮ ಹಳತಾಗಿ ಕಂಡರೆ ಅನುಮಾನ ಪಡಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆಗಳು

ಜೇಬಿನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್, ಸಣ್ಣ ಅರ, ಟಾರ್ಚ್, ಅಳತೆ ಟೇಪು, ತೂಗುಹಾಕಿ ನೋಡುವ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಳ್ಳಿ.

ಮ್ಯಾಗ್ನೆಟ್ಟನ್ನು ಮೊದಲು ಹೊಟ್ಟೆಗೆ, ಆಮೇಲೆ ಕಂಠಕ್ಕೆ, ಹಿಡಿಕೆಗೆ, ತಳಕ್ಕೆ ಬೇರೆ ಬೇರೆಯಾಗಿ ಹಿಡಿಯಿರಿ. ತಾಮ್ರ, ಹಿತ್ತಾಳೆ, ಕಂಚಿಗೆ ಅದು ಅಂಟುವುದಿಲ್ಲ. ಹೊಟ್ಟೆಗೆ ಅಂಟಿದರೆ ಅದು ಬಣ್ಣ ಲೇಪಿಸಿದ ಕಬ್ಬಿಣ, ವಾಪಸ್ ಇಡಿ. ಕಂಠಕ್ಕೆ ಮಾತ್ರ ಅಂಟಿದರೆ ಗಾಬರಿ ಬೇಡ: ಗಟ್ಟಿತನಕ್ಕೆಂದು ಅಂಚನ್ನು ಒಳಗೆ ಕಬ್ಬಿಣದ ತಂತಿ ಇಟ್ಟು ಮಡಚುವುದು ಹಳೆಯ ಪದ್ಧತಿ. ದೊಡ್ಡ ಹಂಡೆಯಲ್ಲಿ ಈ ತಂತಿ, ಹಿಡಿಕೆಯ ಬಳೆಗಳ ತೂಕ ಸಾಕಷ್ಟಿರುತ್ತದೆ. ಅದನ್ನೂ ಹಿತ್ತಾಳೆಯ ದರಕ್ಕೆ ತೂಗಿದರೆ ನೀವು ಕಬ್ಬಿಣಕ್ಕೆ ಹಿತ್ತಾಳೆಯ ದುಡ್ಡು ಕೊಟ್ಟಂತೆ.

ಅಂಗಡಿಯವರ ಅನುಮತಿ ಕೇಳಿ ತಳದ ಅಂಚಿನಲ್ಲಿ ಅರದಿಂದ ಒಂದು ಗೆರೆ ಉಜ್ಜಿ. ಕೆಂಪು ಬಂದರೆ ತಾಮ್ರ, ತಿಳಿ ಹಳದಿ ಹಿತ್ತಾಳೆ, ಕಂದು ಕಲೆತ ಹಳದಿ ಕಂಚು. ಬೂದಿ ಬಣ್ಣ ಇಣುಕಿದರೆ ಒಳಗೆ ಸತುವಿನ ಎರಕ ಅಥವಾ ಕಬ್ಬಿಣ ಇದೆ.

ಹಿತ್ತಾಳೆಗೂ ಕಂಚಿಗೂ ಬಣ್ಣದಲ್ಲಿ ಗೊಂದಲವಾದರೆ ದನಿ ಕೇಳಿ. ಪಾತ್ರೆಯನ್ನು ಅಂಚಿನಲ್ಲಿ ಎರಡು ಬೆರಳಿಂದ ಸಡಿಲವಾಗಿ ಎತ್ತಿ ಹಿಡಿದು ಮರದ ಸೌಟಿನಿಂದ ಮೆಲ್ಲಗೆ ತಟ್ಟಿ. ಕಂಚು ಗಂಟೆಯ ಹಾಗೆ ಕೆಲವು ಸೆಕೆಂಡು ಗುಂಯ್ ಅನ್ನುತ್ತಲೇ ಇರುತ್ತದೆ, ಹಿತ್ತಾಳೆಯ ನಾದ ಬೇಗ ಸಾಯುತ್ತದೆ. ದನಿ ಒಡಕಾಗಿದ್ದರೆ ಎಲ್ಲೋ ಬಿರುಕಿದೆ. ಪಾತ್ರೆಯ ಕಂಚಿನಲ್ಲಿ ತವರದ ಪಾಲು ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಹಾಗಾಗಿ ಅದು ಗಡುಸು, ಜೊತೆಗೆ ಪೆಡಸು. ಬಿದ್ದರೆ ಡೊಂಕಾಗದೆ ಒಡೆಯುತ್ತದೆ. ಬಿರಿದ ಕಂಚನ್ನು ರಿಪೇರಿ ಮಾಡಿಸುವುದೂ ಕಷ್ಟ.

ತೂತು ಹುಡುಕಲು ಒಳಗೆ ಟಾರ್ಚ್ ಹಾಕಿ, ಬಾಯಿಗೆ ಬಟ್ಟೆ ಮುಚ್ಚಿ, ನೆರಳಲ್ಲಿ ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ನೀರು ನಿಲ್ಲುವುದಿಲ್ಲ. ಬೂದು ಬಣ್ಣದ ಮೆದು ಗಡ್ಡೆಯಂಥ ಬೆಸುಗೆಯೂ ಎದ್ದು ಕಾಣುತ್ತದೆ. ಅದು ಸಾಮಾನ್ಯವಾಗಿ ಸೀಸ ಮತ್ತು ತವರದ ಮಿಶ್ರಣ. ಅಂಥ ತೇಪೆ ಇರುವ ಪಾತ್ರೆ ಅಡುಗೆಗೂ ಕುಡಿಯುವ ನೀರಿಗೂ ಬೇಡ. ಉರುಳಿಸಿದಾಗ ಒಂದು ಅಂಕುಡೊಂಕು ಗೆರೆ, ಹಲ್ಲಿಗೆ ಹಲ್ಲು ಕೂಡಿಸಿ ತಗಡನ್ನು ಸೇರಿಸಿದ ಗುರುತು ಸಿಕ್ಕರೆ ಮಾತ್ರ ಖುಷಿಪಡಿ. ಅದು ಕೈಯಲ್ಲೇ ತಗಡು ಬಡಿದು, ಹಿತ್ತಾಳೆಯಿಂದ ಬೆಸೆದ ಕೆಲಸ.

ಮನೆಯಲ್ಲಿ ಇನ್ನೂ ಖಾತ್ರಿ ಬೇಕಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಪಾತ್ರೆಯ ತೂಕ ಬರೆದುಕೊಳ್ಳಿ. ಬಕೆಟ್ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಪಾತ್ರೆಯನ್ನು ದಾರಕ್ಕೆ ಕಟ್ಟಿ ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ, ಒಳಗಿನ ಗಾಳಿ ಹೊರಡಲು ಓರೆ ಮಾಡಿ. ಈಗ ತೋರುವ ಗ್ರಾಂ ಸಂಖ್ಯೆಯೇ ಲೋಹದ ಗಾತ್ರ, ಮಿಲಿಲೀಟರ್‌ನಲ್ಲಿ. 620 ಗ್ರಾಂನ ಚೊಂಬು 73 ತೋರಿಸಿದರೆ 620ನ್ನು 73ರಿಂದ ಭಾಗಿಸಿ: 8.5 ಹತ್ತಿರ. ಹಿತ್ತಾಳೆ 8.4ರಿಂದ 8.7, ತಾಮ್ರ ಸುಮಾರು 8.9, ಕಬ್ಬಿಣ 7.8, ಸತುವಿನ ಎರಕ 7ರ ಆಸುಪಾಸು. ಹಿತ್ತಾಳೆಗೂ ಕಂಚಿಗೂ ಇದು ವ್ಯತ್ಯಾಸ ಹೇಳುವುದಿಲ್ಲ, ಅದಕ್ಕೆ ದನಿಯೇ ಗತಿ. ಅಂಚಿನಲ್ಲಿ ಕಬ್ಬಿಣದ ತಂತಿ ಇಲ್ಲದ ಪಾತ್ರೆಯಾದರೆ ನಕಲಿಯನ್ನು ಸಾಮಾನ್ಯವಾಗಿ ಹಿಡಿಯುತ್ತದೆ.

ಬೆಲೆ ಮಾತಾಡುವಾಗ ಮೊದಲು ಆ ದಿನದ ಗುಜರಿ ದರ ಕೇಳಿ. ತೂಕ ಗುಣಿಸು ದರ, ಇದು ತಳಮಟ್ಟದ ಬೆಲೆ. ಕೆಲಸಗಾರಿಕೆ, ಅಕ್ಷರ, ಅಪರೂಪಕ್ಕೆ ಎಷ್ಟು ಹೆಚ್ಚು ಕೊಡುತ್ತೀರಿ ಎಂಬುದು ನಿಮ್ಮ ಇಷ್ಟ, ಆದರೆ ಆ ಎರಡು ಮೊತ್ತ ಮನಸ್ಸಿನಲ್ಲಿ ಬೇರೆ ಬೇರೆ ಇರಲಿ.

ವಯಸ್ಸು ಓದುವುದು

ಪಾತ್ರೆಯ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆದ ಹೆಸರುಗಳನ್ನು ಬೆಳಕನ್ನು ಓರೆಯಾಗಿ ಬಿಟ್ಟು ಓದಿ. ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಸಂವತ್ಸರ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ‘ಪ್ರಭವ’ ಎಂದಿದ್ದರೆ 1927-28 ಆಗಿರಬಹುದು, 1987-88 ಕೂಡ ಆಗಿರಬಹುದು. ತಗಡಿನ ದಪ್ಪ, ಬೆಸುಗೆ, ಅಕ್ಷರದ ಶೈಲಿ ನೋಡಿ ಎರಡರಲ್ಲಿ ಒಂದನ್ನು ಆರಿಸಬೇಕು.

ಡಬ್ಬಿ, ಬೋರ್ಡು, ಅಳತೆಪಾತ್ರೆಗಳಿಗೆ ಇನ್ನೂ ಖಚಿತವಾದ ಗುರುತುಗಳಿವೆ. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಅಂದು ದಶಮಾಂಶ ನಾಣ್ಯ ಬಂತು. ಸೇರು, ಪಾವು, ಚಟಾಕಿನ ಸರಕಾರಿ ಮುದ್ರೆ ಇರುವ ಅಳತೆಗಳು ಮೆಟ್ರಿಕ್ ಪದ್ಧತಿ ನೆಲೆಯಾಗುವ 1960ರ ದಶಕದ ಆರಂಭಕ್ಕಿಂತ ಹಳೆಯವು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೂ ಮೊದಲಿನದು.

ಈ ಗುರುತುಗಳು ಉಳಿಯಬೇಕೆಂದೇ ಪಾತ್ರೆಯನ್ನು ಹೊಳಪು ಕೊಡುವ ಬಫಿಂಗ್ ಯಂತ್ರಕ್ಕೆ ಕೊಡಬೇಡಿ. ಚುಕ್ಕೆ ಅಕ್ಷರ ಅರ್ಧ ಮಿಲಿಮೀಟರ್ ಆಳವೂ ಇರುವುದಿಲ್ಲ, ಚಕ್ರಕ್ಕೆ ಎರಡು ಸಲ ಹಿಡಿದರೆ ಆ ಮನೆಯವರ ಹೆಸರು ಅಳಿಸಿಹೋಗುತ್ತದೆ.

ನಕಲಿಗಳ ಪೈಕಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಹಿತ್ತಾಳೆ ಕಹಳೆಯ ಗ್ರಾಮಫೋನು. ಹೊಸ ಕಹಳೆ, ಹೊಸ ಪೆಟ್ಟಿಗೆ, ಎಲ್ಲಿಂದಲೋ ಕಿತ್ತ ಮೋಟಾರು, ಮೇಲೆ ನಾಯಿಯ ಚಿತ್ರದ ಲೇಬಲ್. ನುಡಿಸಲು ಬೇಕಿದ್ದರೆ ಕಹಳೆ ಇಲ್ಲದ, ಸೂಟ್‌ಕೇಸಿನಂಥ ಪೆಟ್ಟಿಗೆ ಗ್ರಾಮಫೋನನ್ನೇ ಹುಡುಕಿ.

ಏನನ್ನು ಮುಟ್ಟಬಾರದು

ದೇವಸ್ಥಾನದ ವಿಗ್ರಹ, ಪ್ರಭಾವಳಿ, ಶಾಸನವಿರುವ ಗಂಟೆ ಕಂಡರೆ ಬೆಲೆಯನ್ನೂ ಕೇಳಬೇಡಿ. ಕದ್ದ ಮಾಲು ಕೊಂಡವರೂ ಅಪರಾಧಿಗಳೇ. ಜಿಂಕೆ ಕೊಂಬು, ದಂತ, ಹುಲಿ ಉಗುರು ಎಷ್ಟೇ ಹಳೆಯದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೊಳ್ಳುವಂತಿಲ್ಲ. ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತು ಎನಿಸುತ್ತವೆ. ಶಿಲ್ಪ, ಚಿತ್ರಪಟ, ಸಚಿತ್ರ ಹಸ್ತಪ್ರತಿಗಳನ್ನು ಇಟ್ಟುಕೊಳ್ಳಲು ನೋಂದಣಿ ಬೇಕು, ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕಕ್ಕೋ ದುಬೈಗೋ ಅಜ್ಜಿಯ ಹಂಡೆ ಒಯ್ಯುವವರು ಹಳತಾಗಿ ಕಾಣುವ ಯಾವುದೇ ವಸ್ತುವಿಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತು ಅಲ್ಲ’ ಎಂಬ ಪ್ರಮಾಣಪತ್ರವನ್ನು ಪ್ರಯಾಣಕ್ಕೆ ಸಾಕಷ್ಟು ಮುಂಚೆಯೇ ಪಡೆದಿರಲಿ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಹಿತ್ತಾಳೆ, ತಾಮ್ರ ತೊಳೆಯುವ ಕ್ರಮ

1. ಮೊದಲು ಜಿಡ್ಡು. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ 20 ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ. ಎಣ್ಣೆಯ ಪದರ ಉಳಿದರೆ ಮುಂದಿನ ಹುಳಿ ಅಲ್ಲಲ್ಲಿ ಮಾತ್ರ ಹಿಡಿದು ಪಟ್ಟೆ ಪಟ್ಟೆಯಾಗುತ್ತದೆ. ಕೈಗೆ ಗ್ಲೌಸ್ ಇರಲಿ.

2. ನಿಂಬೆ ಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ಬೆಚ್ಚಗಿನ ನೀರಲ್ಲಿ ಕಿವುಚಿ, ನಾರು ತೆಗೆದು, ಬಟ್ಟೆಯಿಂದ ಹಚ್ಚಿ. ಎರಡು ಮೂರು ನಿಮಿಷ ಸಾಕು. ಕಿಲುಬು ಹೋಗದಿದ್ದರೆ ತೊಳೆದು ಮತ್ತೊಮ್ಮೆ ಹಚ್ಚಿ, ಆದರೆ ರಾತ್ರಿಯಿಡೀ ನೆನೆಸಲೇಬಾರದು. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟ ಹಿತ್ತಾಳೆಯಿಂದ ಸತು ಕರಗಿ ಮೇಲೆ ತಾಮ್ರ ಮಾತ್ರ ಉಳಿಯುತ್ತದೆ. ಗುಲಾಬಿ ಬಣ್ಣದ ಮಚ್ಚೆ ಬಿದ್ದರೆ ಆಗಿದ್ದು ಇದೇ. ಅದನ್ನು ಉಜ್ಜಿ ತೆಗೆಯಲು ಹೋದರೆ ಲೋಹವೇ ಸವೆಯುತ್ತದೆ.

3. ಹುಣಸೆ ಜೊತೆ ಕಲ್ಲುಪ್ಪು ಸೇರಿಸುವುದು ರೂಢಿ, ಬೇಗ ಹೊಳಪು ಬರುವುದೂ ನಿಜ. ಆದರೆ ಮೂಲೆಯಲ್ಲಿ, ಮಡಚಿದ ಅಂಚಿನಲ್ಲಿ ಉಳಿದ ಉಪ್ಪು ತೇವ ಎಳೆದು ತಿಂಗಳಲ್ಲಿ ಮತ್ತೆ ಹಸಿರು ಪುಡಿ ಎಬ್ಬಿಸುತ್ತದೆ. ದಿನವೂ ತೊಳೆಯುವ ಚೊಂಬಿಗೆ ಪರವಾಗಿಲ್ಲ. ಶೋಕೇಸಿನಲ್ಲಿಡುವ, ಕೆತ್ತನೆಯಿರುವ ವಸ್ತುವಿಗೆ ಬೇಡ.

4. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಅದ್ದಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ಬಟ್ಟೆಯಿಂದ ಒರೆಸಿ. ಅಂಚಿನ ಮಡಿಕೆಯೊಳಗಿನ ನೀರಿಗೆ ಹೇರ್ ಡ್ರೈಯರ್ ಅಥವಾ ಒಂದು ಗಂಟೆ ಬಿಸಿಲು. ಅಲ್ಲಿ ನೀರು ನಿಂತರೆ ಒಳಗಿನ ಕಬ್ಬಿಣದ ತಂತಿ ತುಕ್ಕು ಹಿಡಿದು ಉಬ್ಬಿ ಅಂಚನ್ನೇ ಸೀಳುತ್ತದೆ.

5. ಅಡುಗೆಗೆ ಬಳಸದ ವಸ್ತುವಿಗೆ ಮೇಣ ಹಚ್ಚಿ. 20 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿದ ಮೇಲೆ 60 ಮಿ.ಲೀ. ಟರ್ಪೆಂಟೈನ್ ಸೇರಿಸಿ, ಒಲೆ ಉರಿಯುತ್ತಿದ್ದರೆ ಅದರ ಹಬೆಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ತಣ್ಣಗಾದ ಮೇಲೆ ಬಟ್ಟೆಯಿಂದ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ಅಮೋನಿಯಾ ಇರುವ ಕ್ಲೀನರ್‌ಗಳನ್ನು ಬಡಿದು ಮಾಡಿದ ಹಿತ್ತಾಳೆಗೆ ಬಳಸಲೇಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯದ ಬಳಿ ಇಟ್ಟಾಗ ತಾವಾಗಿಯೇ ಬಿರಿಯುತ್ತಿದ್ದವು. ಬಡಿತದಿಂದ ಲೋಹದೊಳಗೆ ಉಳಿದ ಬಿಗಿತಕ್ಕೆ ಮೂತ್ರದ ಅಮೋನಿಯಾ ಸೇರಿ ಹೀಗಾಗುತ್ತದೆ ಎಂಬ ವಿವರಣೆ ಬಂದದ್ದು 1921ರಲ್ಲಿ. ಕೊಟ್ಟಿಗೆಯ ಅಟ್ಟದಲ್ಲಿ ಮಳೆಗಾಲಗಳನ್ನು ಕಳೆದ ಕೊಡದ ಕಂಠದಲ್ಲಿ ಕೂದಲೆಳೆಯ ಬಿರುಕುಗಳು ಕಂಡರೆ ಇದೂ ಒಂದು ಕಾರಣವಿರಬಹುದು.

ಅಡುಗೆಗಾದರೆ ಕಲಾಯಿ

ಕಲಾಯಿ ಅಂದರೆ ಪಾತ್ರೆಯ ಒಳಮೈಗೆ ಹಚ್ಚುವ ತವರದ ತೆಳು ಲೇಪ. ಕಂಚಿಗೆ ಅದು ಬೇಕಿಲ್ಲ. ತಾಮ್ರ, ಹಿತ್ತಾಳೆಯಲ್ಲಿ ಸಾರು, ಹುಳಿ, ಮಜ್ಜಿಗೆ ಹುಳಿ ಮಾಡುವುದಾದರೆ ಕಲಾಯಿ ಇಲ್ಲದೆ ಆಗದು, ಹುಳಿಗೆ ಲೋಹ ಕರಗಿ ವಾಂತಿ ತರಿಸುತ್ತದೆ. ಕಲಾಯಿಯವರು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ ಹತ್ತಿಯಿಂದ ಉಜ್ಜುತ್ತಾರೆ. ಬಿಳಿ ಹೊಗೆ ಎದ್ದು ಕೊಳೆ ಬಿಟ್ಟುಕೊಂಡ ಕ್ಷಣಕ್ಕೆ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನು ಹತ್ತಿಯಲ್ಲಿ ಸರಸರನೆ ಹರಡಿ ನೀರಿಗೆ ಅದ್ದುತ್ತಾರೆ. ಮನೆಯೊಳಗೆ ಇದನ್ನು ಮಾಡಬೇಡಿ, ಆ ಹೊಗೆ ಎದೆಗೆ ಒಳ್ಳೆಯದಲ್ಲ.

ನೀವು ಗಮನಿಸಬೇಕಾದದ್ದು ತವರದ ಕಡ್ಡಿ. ಅದರಲ್ಲಿ ಸೀಸ ಬೆರೆತಿದ್ದರೆ ಪಾತ್ರೆ ಅಡುಗೆಗೆ ಅಪಾಯ. ಕಡ್ಡಿಯನ್ನು ಬಿಳಿ ಕಾಗದಕ್ಕೆ ಉಜ್ಜಿ: ಪೆನ್ಸಿಲಿನಂತೆ ಕಪ್ಪು ಗೆರೆ ಬಿದ್ದರೆ ಸೀಸದ ಅಂಶ ಹೆಚ್ಚಿದೆ. ಕಿವಿ ಹತ್ತಿರ ಹಿಡಿದು ಬಾಗಿಸಿ: ಶುದ್ಧ ತವರ ಕಿರ್ರನೆ ಸದ್ದು ಮಾಡುತ್ತದೆ. ಸದ್ದಿಲ್ಲದೆ ಬಾಗಿದರೆ ಬೇರೆ ಕಡ್ಡಿ ಕೇಳಿ, ಇಲ್ಲವೇ ಒಳ್ಳೆಯ ತವರ ನೀವೇ ತಂದುಕೊಡಿ.

ತವರ 232 ಡಿಗ್ರಿಗೆ ಕರಗುತ್ತದೆ. ಒಗ್ಗರಣೆ ಎಣ್ಣೆ ಹೊಗೆಯಾಡುವ ಹೊತ್ತಿಗೆ ಅದರ ಹತ್ತಿರ ಬಂದಿರುತ್ತದೆ, ಖಾಲಿ ಪಾತ್ರೆಯಂತೂ ಒಲೆಯ ಮೇಲೆ ಬೇಗನೆ ದಾಟುತ್ತದೆ. ಹಾಗಾಗಿ ಒಗ್ಗರಣೆ ಬೇರೆ ಸೌಟಿನಲ್ಲಿ, ಪಾತ್ರೆಗೆ ಮೊದಲು ನೀರು, ಆಮೇಲೆ ಉರಿ. ಸ್ಟೀಲ್ ಜುಂಗು ಬೇಡ. ಒಳಗೆ ಕೆಂಪು ಅಥವಾ ಹಳದಿ ಕಾಣತೊಡಗಿದಾಗ ಮತ್ತೆ ಕಲಾಯಿ.

ಹೊಸ ಕೆಲಸ ಕೊಡುವಾಗ

ತೂತು ಕೊರೆಯದೆ ಮಾಡಿ. ಕೊರೆದ ಕೊಡ ಮತ್ತೆಂದೂ ಕೊಡವಾಗುವುದಿಲ್ಲ.

ಹಂಡೆಯಲ್ಲಿ ಗಿಡ ಇಡಬೇಕೆಂದರೆ ಮಣ್ಣು ನೇರವಾಗಿ ತುಂಬಬೇಡಿ. ಗೊಬ್ಬರದ ಅಮೋನಿಯಾ, ಲವಣ, ಸದಾ ತೇವ, ಮೂರೂ ಸೇರಿ ತಳ ತಿನ್ನುತ್ತವೆ. ಹಂಡೆಯ ಬಾಯಿಗಿಂತ ಎರಡು ಇಂಚು ಕಿರಿದಾದ ಪ್ಲಾಸ್ಟಿಕ್ ಕುಂಡ, ಅದರಡಿ ತಟ್ಟೆ, ತಟ್ಟೆಯಡಿ ಇಟ್ಟಿಗೆ ಚೂರು. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ.

ಚೊಂಬನ್ನು ಮೇಜಿನ ದೀಪ ಮಾಡುವವರು ಬಹಳ. ಲೋಹದ ಮೈಗೆ 230 ವೋಲ್ಟ್ ತಂದರೆ ಮೈಗೆ ಅರ್ತಿಂಗ್ ಕೊಡಲೇಬೇಕು, ಅದಕ್ಕೆ ಸ್ಕ್ರೂ ಬೇಕು, ಸ್ಕ್ರೂಗೆ ತೂತು ಬೇಕು. ಹಾಗಾಗಿ 5 ವೋಲ್ಟಿನ ಯು.ಎಸ್.ಬಿ. ಎಲ್‌ಇಡಿ ಬಲ್ಬ್ ಬಳಸಿ. ಬಾಯಿಯ ಒಳ ಅಳತೆಗೆ ಸರಿಯಾಗಿ ಬಡಗಿಯಿಂದ 3 ಸೆಂ.ಮೀ. ದಪ್ಪದ ಮರದ ಬಿರಡೆ ಮಾಡಿಸಿ, ಅರ್ಧ ಒಳಗೆ, ಅರ್ಧ ಹೊರಗೆ ಇರಲಿ. ಹೋಲ್ಡರ್ ಬಿರಡೆಯ ಮೇಲೆ, ವೈರಿಗೆ ಬಿರಡೆಯ ಹೊರಭಾಗದ ಪಕ್ಕದಲ್ಲೇ 8 ಮಿ.ಮೀ. ರಂಧ್ರ. ಚೊಂಬಿನೊಳಗೆ ತೊಳೆದು ಒಣಗಿಸಿದ ಮರಳನ್ನು ಅರ್ಧ ಕಿಲೋದಷ್ಟು ಬಟ್ಟೆಚೀಲದಲ್ಲಿಟ್ಟರೆ ದೀಪ ಉರುಳುವುದಿಲ್ಲ. ಕಡಲ ಮರಳು ಬೇಡ, ಅದರಲ್ಲಿ ಉಪ್ಪಿದೆ.

ಹಳೇ ಉಪ್ಪಿನಕಾಯಿ ಜಾಡಿ, ಎನಾಮೆಲ್ ತಟ್ಟೆಗಳ ಮೆರುಗಿನಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಇರಬಹುದು. ಸೌಟು, ಪೆನ್ನು, ಹೂವಿಗೆ ಇಡಿ, ಉಪ್ಪಿನಕಾಯಿಗಲ್ಲ.

ಬಾಗಿಲಿನಿಂದ ಮೇಜು

180 × 75 ಸೆಂ.ಮೀ., 4 ಸೆಂ.ಮೀ. ದಪ್ಪದ ತೇಗದ ಬಾಗಿಲು ಸುಮಾರು 35 ಕಿಲೋ ತೂಗುತ್ತದೆ, ಬೀಟೆಯದು ಅದಕ್ಕಿಂತ ಹತ್ತು ಕಿಲೋ ಹೆಚ್ಚು. ಕಾಲುಗಳನ್ನು ಆ ಲೆಕ್ಕದಲ್ಲೇ ಮಾಡಿಸಿ.

ಕುಟ್ಟೆ ಇದೆಯೇ ನೋಡಲು ಬಾಗಿಲನ್ನು ಕಪ್ಪು ಕಾಗದದ ಮೇಲೆ ಎರಡು ವಾರ ಬಿಡಿ. ತಿಳಿ ಬಣ್ಣದ ಹೊಸ ಪುಡಿ ಬಿದ್ದರೆ ಹುಳು ಬದುಕಿದೆ. 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಒಂದು ಲೀಟರ್ ಬಿಸಿನೀರಿಗೆ ಬೆರೆಸಿ, ಪಾಲಿಶ್ ಇಲ್ಲದ ಬರಿ ಮರಕ್ಕೆ ಎರಡು ಮೂರು ಸಲ ಬಳಿಯಿರಿ. ಪಾಲಿಶ್ ಅಥವಾ ಪೇಂಟಿನ ಮೇಲೆ ಬಳಿದರೆ ಒಳಗೆ ಇಳಿಯುವುದೇ ಇಲ್ಲ. ಮಕ್ಕಳಿಗೂ ನಾಯಿಬೆಕ್ಕಿಗೂ ಅದು ಸಿಗದಂತಿರಲಿ. ಸೀಮೆಎಣ್ಣೆ ಸುರಿಯುವ ರೂಢಿ ಇದೆ. ಆಳದ ಮರಿಹುಳುವಿಗೆ ಅದು ತಾಗುವುದಿಲ್ಲ, ಬೆಂಕಿಯ ಭಯ ಮಾತ್ರ ಉಳಿಯುತ್ತದೆ.

ಹಳೇ ಪೇಂಟು ಕೆರೆಯುವಾಗ ಒಣ ಉಪ್ಪುಕಾಗದ ಬೇಡ. ಮನೆಬಳಕೆಯ ಪೇಂಟಿನಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಇಳಿಸಿದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸವಿದೆ ಎಂದೇ ತಿಳಿಯಿರಿ. ನೀರು ಚಿಮುಕಿಸಿ ಕೆರೆಯಿರಿ, ಎನ್95 ಮಾಸ್ಕ್ ಹಾಕಿ, ಕೆಳಗೆ ಹಾಸಿದ ಪ್ಲಾಸ್ಟಿಕ್ಕನ್ನು ಚೂರುಗಳ ಸಮೇತ ಮಡಚಿ ಕಟ್ಟಿ.

ಮಲೆನಾಡಿನ ಅಥವಾ ಕರಾವಳಿಯ ಬಾಗಿಲು ಬೆಂಗಳೂರಿನ ಒಣ ಹವೆಗೆ ಬಂದರೆ ಕುಗ್ಗುತ್ತದೆ. ಮೇಜು ಇಡುವ ಕೋಣೆಯಲ್ಲೇ ಮೂರು ವಾರ ಗೋಡೆಗೊರಗಿಸಿ ಇಟ್ಟು ಆಮೇಲೆ ಕೆಲಸ ಶುರು ಮಾಡಿ. ಕಾಲಿನ ಚೌಕಟ್ಟಿಗೆ ಕೂಡಿಸುವ ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದವಾಗಿ, ಅಂಡಾಕಾರವಾಗಿ ಕೊರೆಸಿ. ಬಿಗಿಯಾಗಿ ಕಟ್ಟಿದರೆ ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ. ಊಟದ ಮೇಜಾದರೆ ನೆಲದಿಂದ 75 ಸೆಂ.ಮೀ., ಸೋಫಾ ಮುಂದಿನದಾದರೆ 40ರಿಂದ 45. ಕೆತ್ತನೆ, ಅಗಣಿ, ಗುಬುಟುಗಳಿರುವ ಬಾಗಿಲ ಮೇಲೆ 10 ಮಿ.ಮೀ. ಟಫನ್ಡ್ ಗಾಜು ಹಾಸಿ, ಗಾಜಿನಡಿ ಎತ್ತರದ ಭಾಗಗಳ ಮೇಲೆ 3 ಮಿ.ಮೀ. ಸಿಲಿಕೋನ್ ಬೊಟ್ಟುಗಳನ್ನು ಇಡಿ. ನೇರವಾಗಿ ಕೂತ ಗಾಜಿನಡಿ ಚೆಲ್ಲಿದ ನೀರು ಆರದೆ, ಮಳೆಗಾಲದಲ್ಲಿ ಬಿಳಿ ಬೂಷ್ಟು ಬರುತ್ತದೆ. ವರ್ಷಕ್ಕೊಮ್ಮೆ ಗಾಜು ಎತ್ತಿಸಿ ಒರೆಸಿ. ಆ ತೂಕದ ಗಾಜು ಎತ್ತಲು ಇಬ್ಬರು ಬೇಕು.